ರೆಡೋವಾಕ್ಕೆ ಮೊದಲು ಧಾರೆ

ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಂಡತಿ ಅಮ್ಮಣ್ಣಿ ನಮ್ಮಿಬ್ಬರ ಹೆಸರು ಬರೆಸಿ ಬಂದಿದ್ದಳು. ಇಲ್ಲಿ ಕೊಲ್ಲಿ ನಾಡಿನ ಅಲ್ ರೀಮ್‌ನಲ್ಲಿ ಮಗಳಿರುವ ಟವರಿನ ಹಾಲ್‌ನಲ್ಲಿ, ಹೆಲೆನಾ ಎಂಬ ಜೆಕ್ ದೇಶದ ಅಜ್ಜಿ ತಮ್ಮ ಕಡೆಯ ಹಳೇ ಜೋಡಿ ನೃತ್ಯ ಕಲಿಸುತ್ತಾರಂತೆ. ಹೆಸರು ರೆಡೋವಾ. ಮದೀನತ್ ಜಾಯೆದ್‌ನಲ್ಲಿ ಮೂವತ್ತು ವರ್ಷ ಟ್ರೈಲರ್ ಓಡಿಸಿದ ನನಗೆ ಇದೊಂದು ಬಾಕಿ ಇತ್ತು.

ಮೊದಲ ದಿನವೇ ಹೆಸರಿನ ಅರ್ಥ ಏನೆಂದು ಹೆಲೆನಾರನ್ನು ಕೇಳಿದೆ. ಬಂಡಿಯನ್ನು ಅತ್ತಿತ್ತ ತಿರುಗಿಸುವುದು ಎಂದರು. ಹಾಗಾದರೆ ಬಂಡಿ ಬೇಕು, ಹೆಂಡತಿ ಯಾಕೆ ಎಂದು ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಹೆಲೆನಾ ಅಮ್ಮಣ್ಣಿಯ ಕೈ ತಂದು ನನ್ನ ಕೈಯಲ್ಲಿಟ್ಟರು. ನಾಲ್ಕು ಜನರೆದುರು ನಾನು ಆ ಕೈ ಹಿಡಿದದ್ದು ಒಂದೇ ಸಲ, ಮದುವೆಯಲ್ಲಿ ಅವಳ ಅಪ್ಪ ಅಮ್ಮ ಧಾರೆಯ ನೀರೆರೆಯುವಾಗ. ನನಗೇ ಗೊತ್ತಿಲ್ಲದೆ ಬೊಗಸೆ ಚಾಚಿ, ತಲೆ ತಗ್ಗಿಸಿ ನಿಂತುಬಿಟ್ಟೆ. ಸಂಗೀತ ಶುರುವಾಗಿ ಉಳಿದ ಜೋಡಿಗಳೆಲ್ಲ ತಿರುಗತೊಡಗಿದರೂ ನಾನು ಅಲ್ಲಾಡಲಿಲ್ಲ.

“ಯಾತಕ್ಕೆ ಕಾಯುತ್ತಿದ್ದೀರಿ?” ಹೆಲೆನಾ ಇಂಗ್ಲಿಷಿನಲ್ಲಿ ಕೇಳಿದರು.

“ನೀರಿಗೆ,” ಎಂದೆ. ಬಾಯಿಗೆ ಬಂದದ್ದು ಅದೇ.

ಪಾಪ, ಅವರು ಓಡಿಹೋಗಿ ಫ್ರಿಜ್ಜಿನಿಂದ ಬಾಟಲಿ ತಂದರು. ಅದನ್ನು ಕುಡಿಯಬೇಕೋ ಏನು ಮಾಡಬೇಕೋ ತಿಳಿಯದೆ ಅಮ್ಮಣ್ಣಿಯ ಮುಖ ನೋಡಿದೆ. ಅವಳು ಬಾಟಲಿಯ ಮುಚ್ಚಳ ತೆಗೆದು ನಮ್ಮಿಬ್ಬರ ಕೈಮೇಲೆ ಮೂರು ಹನಿ ಬಿಟ್ಟಳು.

“ಆಯ್ತಲ್ಲ? ಇನ್ನು ಬಂಡಿ ಹೊರಡ್ಲಿ ಮಾರಾಯ್ರೆ.”