ಏಳನೆಯ ಸಂಪುಟದ ಬೆನ್ನು

ಕುರ್ಚಿ ಮಕ್ಕಳದು, ಮೊಣಕಾಲು ಎದೆಗೆ ತಾಗುತ್ತಿದೆ, ಎದ್ದರೆ ಇದೂ ನನ್ನ ಸೊಂಟಕ್ಕೆ ಸಿಕ್ಕಿಕೊಂಡು ಎದ್ದು ಬರುತ್ತದೇನೋ, ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು, ಮಗಳು ಬರೆದು ತಂದ ಮೂರು ಹಾಳೆಯಲ್ಲಿ ಇನ್ನೂ ಮೊದಲನೆಯದರಲ್ಲೇ ಇದ್ದಾಳೆ, ಹದಿನೈದು ಮಕ್ಕಳು ಚಾಪೆಯ ಮೇಲೆ, ಹಿಂದೆ ನಾವು ನಾಲ್ಕೈದು ಜನ ಅಪ್ಪ ಅಮ್ಮಂದಿರು, ಲೈಬ್ರರಿ ಮೇಡಂ ಕನ್ನಡಕವನ್ನು ಹಣೆಗೇರಿಸಿ ಕೇಳುತ್ತಿದ್ದಾರೆ — ಶನಿವಾರದ ಓದುಗರ ಕೂಟ, ಒಬ್ಬೊಬ್ಬರೂ ಒಂದು ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳಬೇಕು, ನನ್ನ ಮಗಳದು ಜಪಾನಿನ ದೆವ್ವದ ಚಿತ್ರಕಥೆ, ಮಾಂಗಾ ಅನ್ನಬೇಕಂತೆ, ಕಾಮಿಕ್ಸ್ ಅಂದರೆ ಮುಖ ಊದುತ್ತದೆ, ಏಳನೆಯ ಸಂಪುಟ, ಇಂಗ್ಲಿಷ್ ಆವೃತ್ತಿ, ಅಪ್ಪಾ ನೀನು ಬರಲೇಬೇಕು, ನಿನ್ನ ವಿಷಯಾನೂ ಇದೆ ಅದರಲ್ಲಿ. ಇದೆ, ಗೊತ್ತು, ಮೂರನೆಯ ಹಾಳೆಯಲ್ಲಿ ಬರುತ್ತದೆ, ಅಷ್ಟರೊಳಗೆ ನಾನು ಬಾಯಿ ಬಿಡಬೇಕು, ಬಸ್ಸಿನಲ್ಲೇ ಹೇಳಬೇಕೆಂದಿದ್ದೆ, ಮೆಟ್ಟಿಲ ಮೇಲೆ ಹೇಳಬೇಕೆಂದಿದ್ದೆ, ಈಗ ಎರಡನೆಯ ಹಾಳೆಗೆ ತಿರುವುತ್ತಿದ್ದಾಳೆ.

ಕಥೆಯ ಭಾಗ ಎಷ್ಟು ಚೆನ್ನಾಗಿ ಹೇಳುತ್ತಾಳೆ — ಹಳೆಯ ಕಟ್ಟಡದ ಲಿಫ್ಟ್ ನಡೆಸುವವನು, ಸತ್ತು ಎಷ್ಟೋ ಕಾಲವಾಗಿದೆ, ಕೆಲಸ ಮಾತ್ರ ಬಿಟ್ಟಿಲ್ಲ, ಸತ್ತವರನ್ನೆಲ್ಲ ಇಲ್ಲದ ಮಹಡಿಯೊಂದಕ್ಕೆ ಒಯ್ದು ಇಳಿಸುತ್ತಾನೆ, ಅವನಿಗೆ ಬಾಯಿಯೇ ಇಲ್ಲ, ಗೋಡೆ ಕುಟ್ಟುವುದೇ ಮಾತು, ಕುಟ್ಟಿದ್ದರ ಅರ್ಥ ಪುಟದ ಹೊರ ಅಂಚಿನಲ್ಲಿ ಇರುವೆ ಸಾಲಿನಂಥ ಪುಟ್ಟ ಇಂಗ್ಲಿಷಿನಲ್ಲಿರುತ್ತದೆ, ಆರು ಸಂಪುಟ ಬೇರೆಯವರ ಕಥೆ ಹೊತ್ತವನು ಏಳನೆಯದರಲ್ಲಿ ಮೊಟ್ಟಮೊದಲ ಸಲ ತನ್ನ ಕಥೆ ಹೇಳುತ್ತಾನೆ. ಹೇಳುತ್ತಾನಂತೆ. ನಾನು ಅದನ್ನು ಹೊಲಿದುಬಿಟ್ಟೆ.

ಬಿಡಿ ಹಾಳೆಗಳಾಗಿ ಪ್ಲಾಸ್ಟಿಕ್ ಚೀಲದಲ್ಲಿ ಬಂದಿತ್ತು, ಹಳೆ ಪುಸ್ತಕದ ಅಂಗಡಿಯದು, ಅಪ್ಪಾ ನೀನು ಕಟ್ಟಿಕೊಟ್ಟರೆ ನಾನು ಮುದುಕಿ ಆಗೋವರೆಗೂ ಬರುತ್ತೆ, ಅಂದಳು, ಯಾವ ಅಪ್ಪ ಉಬ್ಬುವುದಿಲ್ಲ, ಮರುದಿನ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಊಟದ ಬಿಡುವಿನಲ್ಲೇ ಕೂತೆ, ಪುಟಸಂಖ್ಯೆ ನೋಡಿ ಜೋಡಿಸಿದೆ, ಹಳೆಯ ಗೋಂದು ಬಲಗಡೆಯ ಅಂಚಿಗಿತ್ತು, ಬಲಗಡೆ! ಯಾವ ತಲೆ ಕೆಟ್ಟವನು ಕಟ್ಟಿದ್ದು ಇದನ್ನ ಅಂದೆ, ಪಕ್ಕದ ಮೇಜಿನವನು — ಎಲ್ಲರಿಗೂ ಅವನು ಗೋಂದಣ್ಣ — ಬಗ್ಗಿ ನೋಡಿ, ಆ ಕೊನೇ ಹಾಳೇಲಿ ಏನೋ ಬರೆದಿದೆ ನೋಡಯ್ಯ, ಬಾಣದ ಗುರುತೂ ಇದೆ, ಅಂದ. ಇತ್ತು, ಮೇಲೆ ದೊಡ್ಡಕ್ಷರದಲ್ಲಿ ಸ್ಟಾಪ್ ಅಂತಲೂ ಇತ್ತು, ಸ್ಟಾಪ್ ಓದಲು ಬಾರದ ದಡ್ಡನೇನಲ್ಲ ನಾನು, ಜಾಹೀರಾತು ಬಿಡು ಅಂದು ರದ್ದಿ ಬುಟ್ಟಿಗೆ ಹಾಕಿದೆ, ಇಪ್ಪತ್ತೆರಡು ವರ್ಷದಿಂದ ಪುಸ್ತಕ ಕಟ್ಟುವವನಿಗೆ ಪುಸ್ತಕ ಬಂದು ಪಾಠ ಹೇಳುವುದೇ. ಗೋಂದಿನ ಅಂಚನ್ನು ಕತ್ತರಿಸಿ ಎಸೆದೆ, ಎಡಗಡೆ ದಬ್ಬಳದಲ್ಲಿ ತೂತು ಹಾಕಿ ಜೋಡಿ ದಾರದ ಹೊಲಿಗೆ, ಮೇಲೆ ಗೋಂದು, ನೀಲಿ ಬಟ್ಟೆಯ ರಟ್ಟು, ಗೋಂದಣ್ಣ ಎಳೆದು ನೋಡಿ ನಕ್ಕ, ನಿನ್ನ ಬೈಂಡಿಂಗಿಗೆ ಇಬ್ಬರು ಬೇಕಯ್ಯ, ಒಬ್ಬ ಓದೋಕೆ, ಒಬ್ಬ ಅಗಲಿಸಿ ಹಿಡ್ಕೊಳ್ಳೋಕೆ.

ಕೈಗೆ ಕೊಟ್ಟ ಸಂಜೆ ಅವಳು ಎಡಗಡೆಯ ಅಂಚು ಹಿಡಿದು ತೆರೆಯಲು ಹೋದಳು, ಅಲ್ಲಿ ತೆರೆದುಕೊಳ್ಳುವ ಅಂಚೇ ಇಲ್ಲ, ಪುಸ್ತಕದ ಬೆನ್ನಿದೆ, ಅಲ್ಲ, ಇನ್ನೊಂದು ಮಗ್ಗುಲಿಗೆ ತಿರುಗಿಸಿದಳು, ಮತ್ತೆ ತಿರುಗಿಸಿದಳು, ಅಪ್ಪಾ, ಜಪಾನಿನವರು ಬಲದಿಂದ ಎಡಕ್ಕೆ ಓದ್ತಾರೆ, ಲೈಬ್ರರೀಲಿ ಮೊದಲ ಆರೂ ಹಾಗೇ ಇತ್ತು, ಇದ್ಯಾಕೆ ಹೀಗೆ? ಆ ಕ್ಷಣಕ್ಕೇ ತಿಳಿಯಿತು ನನಗೆ, ತಿಳಿಯುವುದಕ್ಕೂ ಮೊದಲೇ ಬಾಯಿ ಓಡಿತ್ತು — ಇಲ್ಲ ಮರಿ, ಇದನ್ನ ಆ ಇಂಗ್ಲಿಷಿನವರೇ ಹೀಗೆ ಮಾಡಿರೋದು, ಹಳೇ ಗೋಂದು ಎಡಗಡೇನೇ ಇತ್ತು, ನಾನೇ ನೋಡಿದೀನಲ್ಲ. ನಾನೇ ನೋಡಿದೀನಲ್ಲ! ಅವಳು ನಂಬಿದಳು, ಚೂರು ಅನುಮಾನಪಟ್ಟಿದ್ದರೂ ಇಷ್ಟು ಹಿಂಸೆಯಿರುತ್ತಿರಲಿಲ್ಲ. ಎರಡು ಪುಟಕ್ಕೆ ಹರಡಿದ್ದ ಲಿಫ್ಟಿನವನ ಮುಖದ ಎರಡು ಅರ್ಧ ಅದಲುಬದಲಾಗಿ ಕಿವಿಗೆ ಕಿವಿ ಅಂಟಿಕೊಂಡಿತ್ತು, ಅದೂ ಇಂಗ್ಲಿಷಿನವರ ತಪ್ಪು, ಅಂಚಿನ ಮಾತುಗಳೆಲ್ಲ ಹೊಲಿಗೆಯೊಳಗೆ ಹೋಗಿದ್ದವು, ಅದೂ ಅವರದೇ ತಪ್ಪು, ಕಿಟಕಿಯ ಬೆಳಕಿಗೆ ಹಿಡಿದು ಸಂದಿಯಲ್ಲಿ ಇಣುಕುತ್ತಾಳೆ, ಇಲ್ಲೇನೋ ಇದೆ ಅಪ್ಪಾ, ಅರ್ಧ ಅಕ್ಷರ ಕಾಣುತ್ತೆ, ನಾನು ಏನಂದೆ, ಜೋಪಾನ, ಹರಿದೀತು, ಅಂದೆ. ಮೂರು ವಾರ, ನಾಲ್ಕು ಸಲ ತಿದ್ದಿ ಬರೆದಳು, ಪ್ರತಿ ಸಲವೂ ಗೋಂದಿನ ಗುರುತು ಎಡಗಡೇನೇ ತಾನೆ ಅಪ್ಪಾ ಅಂತ ಕೇಳಿದಳು, ಪ್ರತಿ ಸಲವೂ ಹೂಂ ಅಂದೆ, ಕೊನೆಗೆ ಬರೆದೇಬಿಟ್ಟಳು, ಇದು ನನ್ನೊಬ್ಬಳ ಮಾತಲ್ಲ, ಇಪ್ಪತ್ತೆರಡು ವರ್ಷ ಪುಸ್ತಕ ಕಟ್ಟಿದ ನಮ್ಮ ತಂದೆ ಹಾಳೆಗಳನ್ನು ಪರೀಕ್ಷಿಸಿ ಹೇಳಿದ್ದಾರೆ.

ಎರಡನೆಯ ಹಾಳೆಯ ಕೊನೆ — ಕಥೆಗೆ ಹತ್ತಕ್ಕೆ ಹತ್ತು, ಇಂಗ್ಲಿಷ್ ಆವೃತ್ತಿಗೆ ಎರಡು, ಆ ಎರಡೂ ಕಾಗದಕ್ಕೆ, ಮಕ್ಕಳು ನಗುತ್ತವೆ, ಅವಳೂ ನಗುತ್ತಾಳೆ, ಬಾಯಿಲ್ಲದವನ ಮಾತನ್ನೂ ತಿಂದುಹಾಕಿದವರಿಗೆ ಏನೆನ್ನಬೇಕು, ಈಗ, ಈಗ ಏಳು, ಮೇಡಂ ಕೈ ಎತ್ತಿದ್ದಾರೆ, ಒಂದ್ನಿಮಿಷ ಪುಟ್ಟಾ, ಏಳನೆಯದು ಮೊನ್ನೆ ನಮಗೂ ಬಂತು, ಸರಿಯಾಗೇ ಇದೆಯಲ್ಲ. ಕಪಾಟಿನಿಂದ ತೆಗೆದರು, ಬೆನ್ನು ಬಲಕ್ಕಿಟ್ಟು ತೆರೆದರು. ಅಯ್ಯೋ, ಇವಳು ಉಲ್ಟಾ ಓದಿದಾಳೆ ಕಣ್ರೋ, ಯಾರೋ ಒಬ್ಬ, ಆಮೇಲೆ ಎಲ್ಲರೂ. ಅವಳು ಆ ಪುಸ್ತಕ ಇಸಿದುಕೊಂಡಳು, ಇಡೀ ಮುಖ ನೋಡಿದಳು, ಅಂಚಿನ ಇರುವೆ ಸಾಲು ನೋಡಿದಳು, ಕೊನೆಯ ಹಾಳೆಗೆ ಹೋದಳು, ಸ್ಟಾಪ್, ಇದು ಪುಸ್ತಕದ ಕೊನೆ, ಬಲದಿಂದ ಎಡಕ್ಕೆ ಓದಿ, ತುಟಿ ಅಲುಗಿಸಿ ಪೂರ್ತಿ ಓದಿದಳು, ಆಮೇಲೆ ತಲೆಯೆತ್ತಿ ನನ್ನನ್ನು. ಒಂದು ಹಾಳೆ ಮಗುಚುವಷ್ಟು ಹೊತ್ತು, ಅಷ್ಟೇ. ನನ್ನ ಕೈ ಎದ್ದಿತ್ತು, ನಿಜವಾಗಿಯೂ ಅರ್ಧ ಎದ್ದಿತ್ತು, ಮೇಡಂ ಈ ಕಡೆ ತಿರುಗಿ, ಏನು ಸಾರ್, ನೀರು ಬೇಕಾ? ಹೂಂ, ಅಂದೆ. ಹೂಂ ಅಂದೆನಲ್ಲ, ಬಾಟಲಿ ಕೈಯಿಂದ ಕೈಗೆ ದಾಟಿ ಬಂತು, ಹದಿನೈದು ಮಕ್ಕಳ ಎದುರು ನೀರು ಕುಡಿಯುತ್ತಿದ್ದೇನೆ, ಮಗಳ ದನಿ ಕೇಳಿಸುತ್ತಿದೆ, ತಪ್ಪು ನಂದೇ ಮೇಡಂ, ಬಿಡಿ ಹಾಳೆ ಇತ್ತು, ನಾನೇ ಉಲ್ಟಾ ಜೋಡಿಸಿಬಿಟ್ಟೆ, ಮೂರನೆಯ ಹಾಳೆಯನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು, ಓದಲಿಲ್ಲ. ಪರವಾಗಿಲ್ಲ ಬಿಡು, ಎಂಥೆಂಥವರೋ ಎಡವುತ್ತಾರೆ, ಆದರೆ ಬೈಂಡಿಂಗ್ ಭಾರಿ ಗಟ್ಟಿ ಇದೆಯಲ್ಲ, ಎಲ್ಲಿ ಮಾಡಿಸಿದ್ದು, ಕೊಡು ನೋಡೋಣ — ಮೇಡಂ ಕೈ ಚಾಚಿದ್ದಾರೆ, ಅವಳು ಕೊಡುವುದಿಲ್ಲ, ಎದೆಗೊತ್ತಿ ಹಿಡಿದಿದ್ದಾಳೆ, ಹಿಂದಿನ ರಟ್ಟಿನ ಮೂಲೆಯ ಮೇಲೆ ಅಂಗೈ, ಅಲ್ಲಿ ನಮ್ಮ ಅಂಗಡಿಯ ಚೀಟಿ, ಕೆಳಗೆ ನನ್ನ ಹೆಸರಿನ ಎರಡಕ್ಷರ, ಇನ್ನೊಬ್ಬ ಹುಡುಗಿ ಎದ್ದು ತನ್ನ ಪುಸ್ತಕದ ಬಗ್ಗೆ ಹೇಳತೊಡಗಿದ್ದಾಳೆ, ಚಪ್ಪಾಳೆ, ನನ್ನ ಮಗಳು ಚಪ್ಪಾಳೆ ತಟ್ಟುವುದಿಲ್ಲ, ಎಡಗೈಯಲ್ಲಿ ಹಾಳೆಯ ಮಡಿಕೆ, ಬಲಗೈ ಅಲ್ಲೇ, ಒಂದು ಮಾತು ಹೇಳಬೇಕು ನಾನು, ಕಿರುಬೆರಳಿಗೆ ಪೆನ್ನಿನ ಮಸಿ, ಉಗುರು ಬೆಳ್ಳಗಾಗುವಷ್ಟು ಒತ್ತಿದ ಅಂಗೈ, ಚೀಟಿಯ ಒಂದಂಚೂ ಕಾಣದ ಹಾಗೆ, ಎದ್ದು ಒಂದು ಮಾತು, ಆ ಅಂಗೈ, ನನ್ನ ಹೆಸರಿನ ಮೇಲೆ ಆ ಅಂಗೈ