ತುಂಬದ ಗುಂಡಿ

ಸಂಡಾಸದ ಪೈಪಿನೊಳಗೆ ಹದಿನೇಳನೆಯ ಮೀಟರಿಗೆ ಕ್ಯಾಮೆರಾ ಕೆಳಗೆ ಬಿತ್ತು.

ಶೈಲಾ ಕೇಬಲ್ಲನ್ನು ಬಿಗಿಹಿಡಿದಳು. ಪೈಪಿನ ದುಂಡು ಗೋಡೆ ಪರದೆಯಿಂದ ಮಾಯವಾಗಿ ಬರೀ ಕತ್ತಲೆ ಉಳಿಯಿತು. ಗುಂಡಿಗೆ ಬಿದ್ದಿದ್ದರೆ ಕೆಸರು ಕಾಣಬೇಕಿತ್ತು. ಕಾಣಲಿಲ್ಲ.

“ಬ್ಲಾಕ್ ಏನರೆ ಐತೇನ್ರಿ ಮೇಡಮ್ಮಾರ?” ಮನೆ ಕೊಳ್ಳಲು ಬಂದಿದ್ದ ಸಾರವಾಡದ ಗುರುಪಾದಯ್ಯ ಬಾಗಿಲಲ್ಲೇ ನಿಂತು ಕೇಳಿದ. ಮೂಗಿಗೆ ಕರವಸ್ತ್ರ. ಪರದೆಯ ಕಡೆ ಅವನು ಒಮ್ಮೆಯೂ ನೋಡಿರಲಿಲ್ಲ. ತಾನು ನೋಡುವುದು ತಪ್ಪಲೆಂದೇ ಅವಳನ್ನು ಕರೆಸಿದ್ದ.

“ನೋಡಾಕತ್ತೇನ್ರಿ.”

“ಸಾವಕಾಶ ನೋಡ್ರಿ. ಹ್ವಾದ ವರ್ಷ ನಮ್ಮ ಅಳಿಯ ಬಬಲೇಶ್ವರದಾಗ ಮನಿ ತಗೊಂಡ. ವಾಸ್ತುಶಾಂತಿ ದಿನಾನ ಸಂಡಾಸ ಉಕ್ಕಿ ಊಟದ ಪಂಕ್ತಿಗೆ ಬಂತು. ಬೀಗರು ಇನ್ನೂ ನಗತಾರ. ಒಂದ್ ಸಣ್ಣ ತಕರಾರ ಇದ್ರೂ ನಾ ಒಲ್ಲೆ ನೋಡ್ರಿ. ಇಲ್ಲಂದ್ರ ಇವತ್ತಽ ಮುಂಗಡ ಕೊಟ್ಟು ಇಸಾರ ಬರಸೋದು.”

ಎಂಟು ವರ್ಷ ಅವಳು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ನೀರಿನ ಹರಿವಿನ ಪಾಠ ಹೇಳಿದ್ದಳು. ಒಂದು ಜೂನ್ ತಿಂಗಳು ಅವರು ಕರೆಯಲಿಲ್ಲ. ಆಮೇಲೆ ಈ ಕ್ಯಾಮೆರಾ. ಊರಿನ ಇನ್ನೂರು ಮನೆಗಳ ಹೊಟ್ಟೆ ಅವಳಿಗೆ ಗೊತ್ತು. ಆ ಮನೆಗಳವರು ಬಜಾರದಲ್ಲಿ ಎದುರಾದರೆ ಅವಳಿಗೆ ಗುರುತು ಸಿಗುವುದಿಲ್ಲ.

ಮನೆಯೊಡತಿ ಮಾಸುಮಬಿ ಬಂದು ಅವಳ ಮೊಣಕಾಲಿನ ಬಳಿ ಕೌದಿಯೊಂದನ್ನು ಮಡಚಿ ಇಟ್ಟಳು. “ಫರಸಿ ಕಲ್ಲು ಒತ್ತತೈತಿ, ಇದರ ಮ್ಯಾಲ ಕೂಡು ಯವ್ವಾ.” ಹಳೆಯ ಚಿಂದಿಯಲ್ಲ, ಹೊಸ ಕೌದಿ. ಶೈಲಾ ಅದನ್ನು ಗಮನಿಸಿದಳು. ಗಮನಿಸದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಪಡಸಾಲೆಯ ಮಂಚದಲ್ಲಿ ಮಾಸುಮಬಿಯ ಗಂಡ ಮೌಲಾಸಾಬ ದಿಂಬಿಗೆ ಒರಗಿದ್ದ. ಗೌಂಡಿ. ಈ ಮನೆಯನ್ನು ತಾನೇ ಕಟ್ಟಿದವನು. ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಬೀದಿಗಿಳಿಯಲು ಏಳು ಮೆಟ್ಟಿಲು. ಎರಡು ವರ್ಷದಿಂದ ಅವನು ಬೀದಿ ಕಂಡಿರಲಿಲ್ಲ. ಈ ಮನೆ ಮಾರಿದರೆ ಟಿಕೋಟಾದಲ್ಲಿ ಎರಡು ಕೋಣೆಯ ಮನೆ, ಮೆಟ್ಟಿಲಿಲ್ಲದ್ದು, ಮುಂದೆಯೇ ರಸ್ತೆ. ಅದನ್ನು ಮಾಸುಮಬಿ ಬೆಳಗಿನಿಂದ ಮೂರು ಸಲ ಹೇಳಿದ್ದಳು.

“ಬ್ಲಾಕ್ ಎಲ್ಲಿಂದ ಬರಬೇಕ್ರಿ ಅಯ್ನಾರ?” ಈಗ ಅವಳು ಗುರುಪಾದಯ್ಯನಿಗೆ ಹೇಳುತ್ತಿದ್ದಳು. “ಇಪ್ಪತ್ತೆಂಟ ವರ್ಷಾತು, ಗುಂಡಿ ಒಮ್ಮೆರೆ ತುಂಬಿಲ್ಲ. ಓಣಿ ಮಂದಿ ವರ್ಷಾ ಗುಂಡಿ ಬಳಿಯಾಕ ಗಾಡಿ ಕರಸ್ತಾರ. ನಮ್ಮಲ್ಲಿ ಇವ್ರ ಕೈಗುಣ. ಗುಂಡಿ ಅಗಿಯೂವಾಗ ಕೆಳಗ ನೆಲ ಪೊಳ್ಳ ಹತ್ತಿತ್ತಂತ. ಸಂಡಾಸದ್ದು, ಬಚ್ಚಲದ್ದು, ಎಲ್ಲಾ ಅದರಾಗಽ ಬಿಟ್ರು.”

ಪೊಳ್ಳು. ಶೈಲಾ ಇನ್ನೊಂದು ಮೊಳ ಕೇಬಲ್ ಬಿಟ್ಟು ಬೆಳಕನ್ನು ಹೆಚ್ಚಿಸಿದಳು.

ಕೆತ್ತಿದ ಕಲ್ಲುಗಳು ಒಂದಕ್ಕೊಂದು ಕೂದಲೆಳೆ ಬಿಡದೆ ಕೂತಿದ್ದವು. ಮೇಲೆ ಕಮಾನು. ಕೆಳಗೆ ಗೇಣು ಆಳದ ನೀರು, ಪೂರ್ವಕ್ಕೆ ಹರಿಯುತ್ತಿತ್ತು. ಸುಲ್ತಾನರ ಕಾಲದ ನೀರಿನ ಸುರಂಗ.

ಪೂರ್ವಕ್ಕೆ ಅರ್ಧ ಮೈಲಿಯಲ್ಲಿ ಅದು ಅವಳದೇ ಓಣಿಯ ಬಾವಡಿಗೆ, ಹಳೆಯ ಮೆಟ್ಟಿಲಬಾವಿಗೆ, ಬಂದು ಬೀಳುತ್ತದೆ. ಮೇ ತಿಂಗಳಲ್ಲೂ ಬತ್ತದ ಬಾವಡಿ. ಈಗ ಅದಕ್ಕೆ ಮೋಟಾರು ಇಟ್ಟಿದ್ದಾರೆ, ಟ್ಯಾಂಕರುಗಳು ಸಾಲು ನಿಲ್ಲುತ್ತವೆ. ಇಲ್ಲಿಯವರಿಗೆ ಗುಂಡಿ ತುಂಬಲಿಲ್ಲವೆಂದು ಹೆಮ್ಮೆ, ಅಲ್ಲಿಯವರಿಗೆ ಬಾವಡಿ ಬತ್ತಲಿಲ್ಲವೆಂದು. ಮಗಳು ಆರತಿಗೆ ಈ ವರ್ಷ ಮೂರು ಸಲ ವಾಂತಿಭೇದಿಯಾಗಿತ್ತು. ಯಾವ ನೀರು ಕುಡಿಸುತ್ತೀರಿ ಎಂದು ಡಾಕ್ಟರು ಕೇಳಿದಾಗ ಶೈಲಾ ಸ್ವಲ್ಪ ಸೆಟೆದೇ ಹೇಳಿದ್ದಳು: ಬಾವಡಿ ನೀರ್ರಿ.

ಫೋನಿನಲ್ಲಿ ವರದಿಯ ನಮೂನೆ ತೆರೆದಿತ್ತು. ಬಿರುಕು, ಬೇರು, ಇಳಿಜಾರು, ಅಡಚಣೆ. ನಾಲ್ಕು ಚೌಕ. ನೀರು ಎಲ್ಲಿಗೆ ಹೋಗುತ್ತದೆ ಎಂಬ ಐದನೆಯದು ಇರಲಿಲ್ಲ. ನಮೂನೆ ಮಾಡಿದವಳು ಅವಳೇ.

ಮಾಸುಮಬಿ ಸ್ಟೀಲಿನ ಲೋಟ ಹಿಡಿದು ಬಂದಳು. “ತಗೋ ಯವ್ವಾ, ಒಣಗಿದಂಗ ಕಾಣ್ತಿ. ನಿಮ್ಮ ಓಣಿ ಬಾವಡಿದಽ. ಟ್ಯಾಂಕರದಾಂವ ತಂದ ಹಾಕ್ತಾನ. ಸಕ್ಕರಿ ಇದ್ದಂಗ ಐತಿ.”

ಮಂಚದಿಂದ ಊಂ ಎಂಬ ಸದ್ದು ಬಂತು. ಮೌಲಾಸಾಬ ಪರದೆಯನ್ನೇ ನೋಡುತ್ತಿದ್ದ. ಎಡಗೈ ಎತ್ತಿ ಅತ್ತಿತ್ತ ಆಡಿಸಿದ.

“ಕುಡಿ ಅಂತಾರ,” ಮಾಸುಮಬಿ ನಕ್ಕಳು. “ಬಂದವ್ರು ಬಾಯಿ ತೋಯಿಸದಽ ಹೋದ್ರ ಇವ್ರಿಗೆ ಸೇರೂದಿಲ್ಲ.”

ಕೈ ಅತ್ತಿತ್ತ ಆಡುತ್ತಲೇ ಇತ್ತು. ಅದು ಬೇಡ ಅನ್ನುತ್ತಿದೆಯೆಂದು ಶೈಲಾಗೆ ತಿಳಿಯಿತು. ತಿಳಿದದ್ದು ಅವನಿಗೂ ತಿಳಿಯಿತು.

“ಮೇಡಮ್ಮಾರ, ಬ್ಲಾಕ್?”

ಚಿಕ್ಕ ಪ್ರಶ್ನೆ. ಅದರೊಳಗೇ ಅಡಗಿ ಕೂತುಬಿಡಬಹುದಿತ್ತು.

“ಬ್ಲಾಕ್ ಇಲ್ರಿ.”

“ಬಿರುಕು?”

“ಇಲ್ಲ.”

“ಅಂದ್ರ ಸಾಫ್ ಐತಿ ಅಂದಂಗಾತು?”

ಶೈಲಾ ಬಾಗಿಲಾಚೆಯ ಮೆಟ್ಟಿಲುಗಳನ್ನು ನೋಡಿದಳು. “ಸರಾಗ ಹರೀತೈತ್ರಿ.”

ಗುರುಪಾದಯ್ಯ ಮೂಗಿನಿಂದ ಕರವಸ್ತ್ರ ತೆಗೆದು, ಕಾಗದ ಬರೆಯುವವನಿಗೆ ಫೋನು ಹಚ್ಚುತ್ತ ಮೆಟ್ಟಿಲಿಳಿದ. ಮಾಸುಮಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಹೆಗಲು ಮುಟ್ಟಿದಳು. “ಕೇಳಿದ್ರೇನ? ಟಿಕೋಟಾಕ ಹೋಗೂಣು. ದಿನಾ ರಸ್ತೆ ನೋಡ್ಕೋತ ಕುಂಡ್ರಿ.”

ಅವನ ಕೈ ನಿಂತಿರಲಿಲ್ಲ.

ಶೈಲಾ ಲೋಟವನ್ನೆತ್ತಿದಳು. ಮೌಲಾಸಾಬ ಕಣ್ಣು ಮುಚ್ಚಿದ. ಕೈ ಮಡಿಲಿಗೆ ಬಿತ್ತು. ಅವಳು ಅರ್ಧ ಕುಡಿದಳು. ಸಿಹಿಯಾಗಿಯೇ ಇತ್ತು. ನಾಳೆ ಹೇಳಬಹುದು ಅಂದುಕೊಂಡಳು. ಯಾರಿಗೆ ಎಂದು ಅಂದುಕೊಳ್ಳಲಿಲ್ಲ.

“ಸಾಕೇನ? ತಡಿ, ಚಾ ಮಾಡ್ತೇನಿ.” ಮಾಸುಮಬಿ ಲೋಟ ತೆಗೆದುಕೊಂಡು, ಉಳಿದ ನೀರನ್ನು ಬಚ್ಚಲಿಗೆ ಚೆಲ್ಲಿ ಒಳಗೆ ಹೋದಳು.

ಸುರಂಗದ ಕಲ್ಲಿನ ಮೇಲೆ ಕೇಬಲ್ ಸುರುಳಿಯಾಗಿ ಕ್ಯಾಮೆರಾದ ಮುಖ ಮೇಲಕ್ಕೆ ತಿರುಗಿತ್ತು. ಪರದೆಯ ನಡುವೆ ಪೈಪಿನ ಬಾಯಿ, ಬಾವಿಯ ತಳದಿಂದ ಕಂಡ ಆಕಾಶದಷ್ಟು ಚಿಕ್ಕದು, ಆದರೆ ಕಪ್ಪು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಂಚಿನಲ್ಲಿ ಒಂದು ಹನಿ ಕೂಡಿ, ದೀಪಕ್ಕೆ ಹೊಳೆದು, ದಪ್ಪಗಾಗಿ, ಅವಳ ಕಡೆಗೇ ಬಿತ್ತು. ಪರದೆ ಕಲಕಿಹೋಯಿತು.

ಶೈಲಾ ಓಢಣಿಯ ತುದಿಯಿಂದ ಪರದೆಯನ್ನು ಒರೆಸಿದಳು. ಅದು ಒಣಗಿಯೇ ಇತ್ತು. ಮತ್ತೆ ಒರೆಸಿದಳು.