ಕೇಳದೆ ಬಾರದ ಬಿಡುಗಡೆ

ಕಾಲು ಮುರಿದವರ ಮನೆಗೆ ಎಳನೀರು ಬರುತ್ತದೆ, ಬ್ರೆಡ್ಡು ಬರುತ್ತದೆ, ಅವುಗಳ ಬೆನ್ನಿಗೇ ಬುದ್ಧಿಮಾತೂ ಬರುತ್ತದೆ. ಶೆಟ್ಟಿಕೆರೆಯ ಗಿರಿಜಾಂಬಿಕಾಳ ಮನೆಯಲ್ಲಿ ಆಗಿದ್ದೂ ಅದೇ.

ಅವಳ ಗಂಡ ರೇಣುಕಪ್ರಸಾದ್ ಬಾಡಿಗೆಯ ಗೂಡ್ಸ್ ಆಟೋದಲ್ಲಿ ಕೊಬ್ಬರಿ ಚೀಲ ಹಾಕಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೊರಟಿದ್ದ. ದಾರಿಯಲ್ಲಿ ಲಾರಿಯೊಂದು ಬಂದು ಗುದ್ದಿತು. ಆಟೋದವನಿಗೆ ತರಚು ಗಾಯ, ಇವನಿಗೆ ಬಲಗಾಲು ಮುರಿತ. ಚೀಲಗಳು ಒಡೆದು ಉಂಡೆ ಕೊಬ್ಬರಿ ರಸ್ತೆಯ ತುಂಬ ಉರುಳಿತು. ಗಾಲಿಗೆ ಸಿಕ್ಕಿದ್ದು ಪುಡಿಯಾಯಿತು. ಉಳಿದಿದ್ದನ್ನು ಯಾರೋ ದಾರಿಹೋಕ ಹೆಂಗಸರು ಸೆರಗಿಗೆ ತುಂಬಿ ತಂದು ಮರದ ಬುಡದಲ್ಲಿ ಗುಡ್ಡೆ ಹಾಕಿ ಹೋದರಂತೆ. ಅವರು ಯಾರೆಂದು ಗಿರಿಜಾಂಬಿಕಾಗೆ ಇವತ್ತಿಗೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಇನ್ನೊಂದು ಆಪರೇಷನ್ ಆದರೆ ಮಾತ್ರ ಕಾಲೂರಿ ನಡೆಯಬಹುದು ಎಂದರು. ಅದಕ್ಕೆ ಬೇಕಾದ ಹಣ ಬರುವುದಾದರೆ ಲಾರಿಯ ವಿಮೆಯಿಂದಲೇ ಬರಬೇಕಿತ್ತು. ಅವಳ ತಲೆನೋವು ಶುರುವಾಗಿದ್ದು ಅಲ್ಲಿಂದ.

ನೋಡಲು ಬಂದವರಲ್ಲಿ ಒಬ್ಬರು, ಪರಿಹಾರ ಬಂದೇ ಬರುತ್ತದೆ ಎಂದರು. ಇನ್ನೊಬ್ಬರು, ಬಂದರೂ ನಿಮ್ಮ ಕೈಗೆ ಸಿಗುವುದಿಲ್ಲ, ನಿಮ್ಮೆಜಮಾನರು ಪಾಪರ್ ಆದವರಲ್ಲವೇ, ಎಲ್ಲ ಹಿಂದೆ ಸಾಲ ಕೊಟ್ಟವರ ಪಾಲು ಎಂದರು. ಮೂರನೆಯವರು, ಅದೆಲ್ಲ ಮುಗಿದ ಕಥೆ ಎಂದರು. ಕಾಫಿ ಕೊಟ್ಟು ಕೊಟ್ಟು ಅವಳಿಗೆ ಸುಸ್ತಾಯಿತೇ ಹೊರತು ಯಾವುದು ನಿಜ ಎಂದು ತಿಳಿಯಲಿಲ್ಲ.

ಪಾಪರ್ ಆಗಿದ್ದಂತೂ ಸುಳ್ಳಲ್ಲ. ಕೆಲವು ವರ್ಷಗಳ ಹಿಂದೆ ರೇಣುಕಪ್ರಸಾದ್ ತಿಪಟೂರಿನಲ್ಲಿ ಸಣ್ಣದೊಂದು ಕೊಬ್ಬರಿ ಅಂಗಡಿ ಇಟ್ಟಿದ್ದ. ಶೆಟ್ಟಿಕೆರೆಯಂಥ ಸುತ್ತಲಿನ ಊರಿನವರು ನಂಬಿಕೆಯ ಮೇಲೆ ಚೀಲ ಇಳಿಸಿ ಹೋಗುವರು, ಮಾರಿದ ಮೇಲೆ ದುಡ್ಡು ಪಡೆಯುವರು. ಉತ್ತರದ ಕಡೆಗೆ ಕಳಿಸಿದ ಲೋಡುಗಳ ಹಣ ಬಾರದೇ ಹೋದಾಗ ಅಂಗಡಿ ಮುಳುಗಿತು. ಅವನೇ ಅರ್ಜಿ ಹಾಕಿದ, ಕೋರ್ಟು ಅವನನ್ನು ದಿವಾಳಿ ಎಂದು ಘೋಷಿಸಿತು. ಕೋರ್ಟು ನೇಮಿಸಿದ ಅಧಿಕಾರಿ, ಅವರನ್ನು ರಿಸೀವರ್ ಅನ್ನುತ್ತಾರೆ, ಅಂಗಡಿಯನ್ನೂ ಸೈಟನ್ನೂ ಮಾರಿ ಬಂದಷ್ಟನ್ನು ಸಾಲ ಕೊಟ್ಟವರಿಗೆ ಹಂಚಿದರು. ಯಾರಿಗೂ ಪೂರ್ತಿ ಸಿಗಲಿಲ್ಲ. ಗಂಡಹೆಂಡತಿ ಅವಳ ತವರಾದ ಶೆಟ್ಟಿಕೆರೆಗೆ ಬಂದು, ಅವಳ ತಾಯಿ ಬಿಟ್ಟುಹೋದ ತೆಂಗಿನ ತುಂಡಿನಲ್ಲಿ ಬದುಕು ಹೂಡಿದರು.

ಆ ವಿಷಯವನ್ನು ಅವನು ಮತ್ತೆ ಎತ್ತಲಿಲ್ಲ. ಸಾಲಕ್ಕೆ ಬರೆದುಕೊಟ್ಟ ಪ್ರೋನೋಟು ಮೂರು ವರ್ಷಕ್ಕೆ ಸತ್ತುಹೋಗುತ್ತದೆ, ದಿವಾಳಿಯೂ ಹಾಗೆಯೇ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡಿದ್ದ.

ಇಂಥ ಹೊತ್ತಿನಲ್ಲಿ ತಿಪಟೂರಿನಿಂದ ತೋಂಟದಾರ್ಯ ಬಂದ. ರೇಣುಕಪ್ರಸಾದನ ಅಕ್ಕನ ಗಂಡ, ಕೊಬ್ಬರಿ ವ್ಯಾಪಾರಿ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಬೆಂಚಿನ ಮೇಲೆ ಮಲಗಿ ಕಾದವನು ಅವನೇ. ಮನಸ್ಸು ಒಳ್ಳೆಯದು, ಸಲಹೆ ಮಾತ್ರ ಅಡ್ಡದಾರಿಯದು.

"ನೋಡು ಗಿರಿಜಮ್ಮ, ಲಾಯರ್ ಕೇಳಿದ್ರೆ ಹಳೇ ಕೇಸು ಏನೂ ಇಲ್ಲ ಅನ್ನು. ಚೀಲ ಅಷ್ಟೂ ನಂದೇ ಅನ್ನು. ನಿನ್ನೆಸರಲ್ಲಿದ್ರೆ ಯಾವ ರಿಸೀವರೂ ಮುಟ್ಟಕಾಗಲ್ಲ."

"ಅಷ್ಟೂ ನಂದಲ್ಲವಲ್ಲ ಅಣ್ಣ."

"ಕೊಬ್ಬರಿ ಮೇಲೆ ಹೆಸರು ಬರೆದೈತಾ?"

ಬರೆದಿರಲಿಲ್ಲ. ತೊಡಕು ಇದ್ದಿದ್ದೇ ಅಲ್ಲಿ. ಅವಳ ಮರಗಳ ಕಾಯಿಯನ್ನೂ, ಅವನು ಅಕ್ಕಪಕ್ಕದವರಿಂದ ಕೊಂಡ ಕಾಯಿಯನ್ನೂ ಒಂದೇ ಅಟ್ಟಕ್ಕೆ ಸುರಿದಿದ್ದರು. ನಮ್ಮ ಕಡೆ ಎಲ್ಲರೂ ಮಾಡುವುದೇ ಹಾಗೆ. ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾಗಿ ಇಳಿಯುವ ಹೊತ್ತಿಗೆ ಇದು ನಂದು, ಇದು ನಿಂದು ಎಂದು ಹೇಳುವುದು ಹೇಗೆ?

ಅವಳು ವಕೀಲರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ತಿಪಟೂರಿನಲ್ಲಿ ಅವಳಿಗೆ ರವಿಕೆ ಹೊಲಿದುಕೊಡುವ ಹಬೀಬುನ್ನೀಸಾಳ ಮಗಳು ನಿಖತ್ ವಕೀಲೆ. ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಮೊದಲು ಹೊಲಿಗೆ ಅಂಗಡಿಗೆ ಹೋದಾಗ ಹಬೀಬುನ್ನೀಸಾ ಟೀ ತರಿಸಿದಳು. ಬಸ್ಸಿನ ನೂಕಾಟದಲ್ಲಿ ಬಿಚ್ಚಿಹೋಗಿದ್ದ ಸೆರಗಿನ ಅಂಚನ್ನು, ಮಾತಾಡುತ್ತಾ ಮಾತಾಡುತ್ತಾ, ಕೇಳದೆಯೇ ನಾಲ್ಕು ಹೊಲಿಗೆ ಹಾಕಿ ಸರಿಮಾಡಿದಳು. ಆಮೇಲೆ ಮಗಳ ಬಳಿ ಕರೆದುಕೊಂಡು ಹೋಗಿ ಕೂರಿಸಿದಳು.

ನಿಖತ್ ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡಳು. ಪೊಲೀಸ್ ದೂರು, ಆಸ್ಪತ್ರೆಯ ಚೀಟಿ ಎಲ್ಲ ನೋಡಿದಳು. ಕೊನೆಗೆ, ರೇಣುಕಣ್ಣನ ಮೇಲೆ ಹಳೆಯ ಕೋರ್ಟು ವಿಚಾರ ಏನಾದರೂ ಇದೆಯಾ ಎಂದು ಕೇಳಿದಳು.

"ಇಲ್ಲ," ಎಂದುಬಿಟ್ಟಳು ಗಿರಿಜಾಂಬಿಕಾ.

"ಯಾಕೆ ಕೇಳಿದೆ ಅಂದ್ರೆ ಅಕ್ಕ, ವಿಮೆ ಕಡೆ ಲಾಯರ್ ಇದನ್ನೇ ಕೇಳೋದು. ನನ್ನ ಹತ್ರ ಅಲ್ಲ, ರೇಣುಕಣ್ಣನ್ನ ಕಟಕಟೆಲಿ ನಿಲ್ಲಿಸಿ ಕೇಳ್ತಾರೆ."

ಗಿರಿಜಾಂಬಿಕಾ ತಲೆಯಾಡಿಸಿ ಎದ್ದುಬಂದಳು. ಬಸ್ ನಿಲ್ದಾಣದ ತನಕ ಬಂದಳು. ಶೆಟ್ಟಿಕೆರೆಯ ಬಸ್ಸು ನಿಂತಿತ್ತು, ಕಿಟಕಿ ಪಕ್ಕದ ಸೀಟೂ ಖಾಲಿಯಿತ್ತು. ಹತ್ತಲು ಕಾಲೆತ್ತಿದವಳಿಗೆ ಊರುಗೋಲು ಹಿಡಿದು ಕಟಕಟೆಯಲ್ಲಿ ನಿಂತ ಗಂಡ ಕಣ್ಣಿಗೆ ಕಟ್ಟಿದ. ಎದುರಿನವರು ಎಲ್ಲರ ಮುಂದೆ, ನೀನು ದಿವಾಳಿಯಾದವನು ಹೌದೋ ಅಲ್ಲವೋ ಎನ್ನುತ್ತಾರೆ. ಅವನು ತಡವರಿಸುತ್ತಾನೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಮುರಿದ ಕಾಲನ್ನು ಯಾರು ನಂಬುತ್ತಾರೆ? ಬಸ್ಸು ಹೊರಟುಹೋಯಿತು. ಅವಳು ಬಂದ ದಾರಿಯಲ್ಲೇ ವಾಪಸ್ಸು ನಡೆದಳು.

ದಿವಾಳಿಯ ವಿಷಯವನ್ನೆಲ್ಲ ಕೇಳಿದ ಮೇಲೂ ನಿಖತ್ ಬೈಯಲಿಲ್ಲ. ಒಂದು ಲೋಟ ನೀರು ಕೊಟ್ಟಳು, ಅಷ್ಟೆ.

"ಹಂಗಾದ್ರೆ ಪರಿಹಾರ ಬತ್ತದಾ, ಬರಲ್ವಾ? ಅದೊಂದು ಹೇಳವ್ವ," ಎಂದಳು ಗಿರಿಜಾಂಬಿಕಾ.

"ಒಂದೇ ಮಾತಲ್ಲಿ ಹೇಳಕ್ಕಾಗಲ್ಲ ಅಕ್ಕ. ಮೈಗೆ ಆದ ನೋವೇ ಬೇರೆ, ಮಾಲಿಗೆ ಆದ ನಷ್ಟವೇ ಬೇರೆ. ಕಾನೂನು ಎರಡನ್ನೂ ಒಂದೇ ಚೀಲಕ್ಕೆ ತುಂಬಲ್ಲ."

ಆಮೇಲೆ ಅವಳು ಬಿಡಿಸಿ ಬಿಡಿಸಿ ಹೇಳಿದಳು. ಕಾಲು ಮುರಿದದ್ದಕ್ಕೆ, ಪಟ್ಟ ನೋವಿಗೆ ಪರಿಹಾರ ಕೇಳುವ ಹಕ್ಕು ಸಾಮಾನ್ಯವಾಗಿ ಗಾಯಗೊಂಡವನದೇ. ಅವನು ದಿವಾಳಿಯಾಗಿದ್ದ ಎಂಬ ಕಾರಣಕ್ಕೇ ಅದು ಸಾಲ ಕೊಟ್ಟವರ ಪಾಲಾಗುವುದಿಲ್ಲ. ಆದರೆ ಹಾಳಾದ ಕೊಬ್ಬರಿ ಆಸ್ತಿ. ದಿವಾಳಿಯಾದವನು ಹಳೆಯ ಸಾಲಗಳಿಂದ ಮುಕ್ತ ಎಂಬ ಬಿಡುಗಡೆ ಆದೇಶವನ್ನು ಕೋರ್ಟಿನಿಂದ ಪಡೆಯುವ ತನಕ ಅವನು ಹೊಸದಾಗಿ ಸಂಪಾದಿಸಿದ ಆಸ್ತಿಯೂ ರಿಸೀವರ್ ಕೈಗೆ ಹೋಗಬಹುದು. ಅವನ ಪಾಲಿನ ಕೊಬ್ಬರಿಗೆ ಬರುವ ಪರಿಹಾರ ಹಿಂದೆ ಸಾಲ ಕೊಟ್ಟವರಿಗೆ ಹಂಚಿಕೆಯಾದರೂ ಆಗಬಹುದು. ಹೆಂಡತಿಯ ಪಾಲಿನದನ್ನು ಹೆಂಡತಿಯೇ ತನ್ನ ಹೆಸರಿನಲ್ಲಿ, ನಿಜ ಹೇಳಿ ಕೇಳಬೇಕು. ಕಾಯಿ ಕೆಡವಿದವರು, ಕಾಯಿ ಮಾರಿದವರು ಊರಲ್ಲೇ ಇದ್ದಾರಲ್ಲ, ಯಾರದು ಎಷ್ಟು ಎಂದು ಅವರು ಹೇಳಬಲ್ಲರು. ಇನ್ನು ಮುಂದಾದರೂ ಕೊಳ್ಳುವುದಕ್ಕೆ, ಮಾರುವುದಕ್ಕೆ ರಸೀದಿ ಇಟ್ಟುಕೊಳ್ಳಿ. ಸಂಪಾದನೆ ಇಷ್ಟಿತ್ತು ಎಂದು ತೋರಿಸಲು ಒಂದು ಚೂರು ಕಾಗದವಿಲ್ಲದಿದ್ದರೆ, ದುಡಿಮೆ ತಪ್ಪಿದ್ದಕ್ಕೆ ಸಿಗುವ ಪರಿಹಾರವೂ ಕಡಿಮೆಯಾಗುತ್ತದೆ.

"ಬಿಡುಗಡೆ ಅಂದ್ಯಲ್ಲ, ಅದು ಮೂರು ವರ್ಷಕ್ಕೆ ಆಗಿರಲ್ವಾ?"

"ತಾನಾಗೇ ಆಗಲ್ಲ ಅಕ್ಕ. ನಾವೇ ಅರ್ಜಿ ಹಾಕಿ ಕೇಳ್ಬೇಕು. ಕೋರ್ಟು ಅದಕ್ಕೊಂದು ಗಡುವು ಕೊಟ್ಟಿರುತ್ತೆ."

ಗಡುವು ಮೀರಿದರೆ ದಿವಾಳಿಯ ಆದೇಶವನ್ನೇ ಕೋರ್ಟು ರದ್ದು ಮಾಡಬಹುದು, ಆಗ ಸಾಲ ಕೊಟ್ಟವರು ಮತ್ತೆ ದಾವೆ ನಡೆಸಲು ದಾರಿಯಾಗುತ್ತದೆ ಎಂದು ನಿಖತ್ ಎಚ್ಚರಿಸಿದಳು. ಇವರ ಕಡತ ಈಗ ಯಾವ ಹಂತದಲ್ಲಿದೆಯೋ ತೆಗೆಸಿ ನೋಡದೆ ಹೇಳಲಾರೆ, ಹೆಚ್ಚಿನ ಕಾಲಾವಕಾಶ ಬೇಡಿಕೊಳ್ಳುವುದಕ್ಕೂ ದಾರಿಯಿದೆ ಎಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ ಅವಳ ಮಾತೇ ಗಿರಿಜಾಂಬಿಕಾಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟಿತು.

ಮನೆಯಲ್ಲಿ ರೇಣುಕಪ್ರಸಾದ್ ಸುಲಭಕ್ಕೆ ಒಪ್ಪಲಿಲ್ಲ.

"ಅಟ್ಟಕ್ಕೆ ಹಾಕಿದ ಕಾಯ್ನ ನಡುವೆ ಕೆದಕ್ತಾರೇನೇ? ಕೆದಕಿದ್ರೆ ಕೆಟ್ಟೋಯ್ತದೆ. ಇದೂ ಅಷ್ಟೇ ಕಣೇ, ಸುಮ್ನೆ ಬುಟ್ಬುಡು."

"ಅಟ್ಟದಲ್ಲಿದ್ದಿದ್ದು ಕೊಬ್ಬರಿ ಆಯ್ತದೆ. ಕೋರ್ಟಲ್ಲಿರಾದು ಇಟ್ಟಂಗೇ ಕೂತದೆ ಕಣ್ರೀ. ಇಷ್ಟು ವರ್ಷ ಕಾದ್ವಲ್ಲ, ಏನ್ ಆಯ್ತು?"

ಅವನು ಗೋಡೆಯ ಕಡೆ ಹೊರಳಿಕೊಂಡ. ಆಗ ನಿಜವಾದ ಕಾರಣ ಬಾಯಿಗೆ ಬಂತು. ಅವನಿಗೆ ಇದೆಲ್ಲ ಪೂರಾ ಗೊತ್ತಿಲ್ಲದೆಯೂ ಇರಲಿಲ್ಲ. ಬಿಡುಗಡೆ ಕೇಳಿದರೆ ಸಾಲ ಕೊಟ್ಟವರಿಗೆಲ್ಲ ಕೋರ್ಟಿನ ನೋಟೀಸು ಹೋಗುತ್ತದೆ, ಅವರು ಬಂದು ತಮ್ಮ ಮಾತು ಹೇಳಬಹುದು. ಆ ಪಟ್ಟಿಯಲ್ಲಿ ಪಕ್ಕದ ಮನೆಯ ರಂಗಮ್ಮನ ಹೆಸರೂ ಇತ್ತು. ಒಂದು ವರ್ಷದ ಕೊಬ್ಬರಿಯನ್ನು ಅವನ ಮಾತಿನ ಮೇಲೆ ಇಳಿಸಿಹೋಗಿದ್ದ ಮುದುಕಿ ಆಕೆ.

"ದಿನಾ ಮಜ್ಜಿಗೆ ತಂದುಕೊಡ್ತದೆ ಅದು. ಅದರ ಕೈಗೆ ನೋಟೀಸು ಕೊಡಿಸ್ಲಾ?" ಎಂದ.

ಗಿರಿಜಾಂಬಿಕಾಗೆ ಮತ್ತೆ ದಿಕ್ಕು ತೋಚದಾಯಿತು. ಅರ್ಜಿ ಹಾಕಿದರೆ ನೆರೆಮನೆಯ ಮುಖ ನೋಡುವಂತಿಲ್ಲ, ಹಾಕದಿದ್ದರೆ ಹಳೆಯದು ಕೊರಳಿಗೆ ಸುತ್ತಿಕೊಂಡೇ ಇರುತ್ತದೆ. ಮಾರನೆಯ ದಿನ ರಂಗಮ್ಮ ಮಜ್ಜಿಗೆ ಚೊಂಬು ಹಿಡಿದು ಬಂದಾಗ ಗಂಡನ ಎದುರಿಗೇ ಎಲ್ಲ ಹೇಳಿಬಿಟ್ಟಳು. ನೋಟೀಸಿನ ವಿಷಯವನ್ನೂ ಬಿಡಲಿಲ್ಲ. ರೇಣುಕಪ್ರಸಾದ್ ಕಣ್ಣು ಮುಚ್ಚಿಕೊಂಡಿದ್ದ.

ರಂಗಮ್ಮ ಕಂಬಕ್ಕೆ ಒರಗಿ ಕೂತಳು.

"ಬುಟ್ಟೆ ಅಂತ ನಾನು ಹೇಳಲ್ಲಪ್ಪ. ವರ್ಷದ ಬೆಳೆ ಅದು, ಬರಾದು ಬರ್ಬೇಕು. ಕಾಲಿನ ದುಡ್ಡು ನಂಗ್ಯಾಕೆ, ಕಾಲು ನಿಂದು. ಕೊಬ್ಬರಿ ದುಡ್ಡಲ್ಲಿ ಕೋರ್ಟು ಏನಾದ್ರೂ ಕೊಟ್ರೆ ಈಸ್ಕತೀನಿ."

"ಅಜ್ಜಿ, ನೋಟೀಸು..." ಎಂದ ರೇಣುಕಪ್ರಸಾದ್.

"ಬರ್ಲಿ ಬುಡು. ನೀನು ನನ್ನ ಕಂಡು ತಲೆ ತಗ್ಗಿಸಾದು ನೋಡಿ ನೋಡಿ ನಂಗೇ ಸಾಕಾಗೈತೆ. ಕೋರ್ಟಿಗೆ ಹೋಗೋ ದಿನ ನೀನು ಮಾಡ್ಕಂಡೋಗೋ ಬಾಡಿಗೆ ಕಾರಲ್ಲೇ ನನ್ನೂ ಕರ್ಕಂಡೋಗು. ಈ ಮಂಡಿ ಇಟ್ಕಂಡು ಬಸ್ಸು ಹತ್ತಕಾಗಲ್ಲ."

ರೇಣುಕಪ್ರಸಾದ್ ನಕ್ಕನೋ ಅತ್ತನೋ ಗಿರಿಜಾಂಬಿಕಾಗೆ ಗೊತ್ತಾಗಲಿಲ್ಲ. ಎದ್ದು ಕೂತು, ನಿಖತ್‌ಗೆ ಫೋನ್ ಮಾಡು, ನಾನೇ ಮಾತಾಡುತ್ತೇನೆ ಎಂದ. ತೋಂಟದಾರ್ಯನಿಗೂ ಅವನೇ ವಿಷಯ ತಿಳಿಸಿದ. ಆತ ಮೊದಲು ಗೊಣಗಿದ. ಆಮೇಲೆ, ಕಾರಿನ ಬಾಡಿಗೆ ನಾನು ಕೊಡುತ್ತೇನೆ ಎಂದು ತಾನಾಗಿಯೇ ಹೇಳಿದ.

ಅಪಘಾತದ ಪರಿಹಾರದ ಅರ್ಜಿ ಸಲ್ಲಿಕೆಯಾಯಿತು. ಕಾಲಿನದು ಬೇರೆ, ಮಾಲಿನದು ಬೇರೆ. ಮಾಲಿನಲ್ಲಿ ಗಂಡನದು ಇಷ್ಟು, ಹೆಂಡತಿಯದು ಇಷ್ಟು ಎಂದು ಕಾಯಿ ಕೆಡವಿದವರೂ ಮಾರಿದವರೂ ಬಂದು ಹೇಳಿದರು. ದಿವಾಳಿಯ ವಿಷಯವನ್ನು ಮುಚ್ಚಿಡಲಿಲ್ಲ. ಬಿಡುಗಡೆಗೂ, ತಡವಾದದ್ದಕ್ಕೆ ಕಾಲಾವಕಾಶಕ್ಕೂ ಇನ್ನೊಂದು ಅರ್ಜಿ ಹೋಯಿತು. ಎರಡೂ ಇನ್ನೂ ನಡೆಯುತ್ತಿವೆ. ಮೊದಲ ಸಲ ಕೋರ್ಟಿಗೆ ಹೋದ ದಿನ ರೇಣುಕಪ್ರಸಾದ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ. ಮುಂದಿನ ಸೀಟಿನಲ್ಲಿ ರಂಗಮ್ಮ ಅವನ ಊರುಗೋಲುಗಳನ್ನು ತೊಡೆಯ ಮೇಲೆ ಅಡ್ಡ ಹಿಡಿದುಕೊಂಡು, ಡ್ರೈವರಿಗೆ ನಿಧಾನ ಕಣಪ್ಪ, ನಿಧಾನ ಎನ್ನುತ್ತಿದ್ದಳು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ದಿವಾಳಿ ಯಾರಿಗೂ ಬರಬಾರದು, ಬಂದರೆ ಅದು ಪಾಪವೂ ಅಲ್ಲ. ಆದರೆ ಕಾಲ ಕಳೆದಂತೆ ಅದು ತಾನಾಗಿಯೇ ಕರಗಿಹೋಗುತ್ತದೆ ಎಂದು ನಂಬಿ ಕೂರಬೇಡಿ. ನಿಮಗೆ ಕೋರ್ಟಿನಿಂದ ಬಿಡುಗಡೆ ಆದೇಶ ಸಿಕ್ಕಿದೆಯೇ, ಇಲ್ಲವೇ ಎಂದು ಇವತ್ತೇ ವಿಚಾರಿಸಿ. ಅಪಘಾತವಾಗಲಿ, ರಸ್ತೆಗೋ ಕಾಲುವೆಗೋ ಮರವೋ ಜಮೀನೋ ಹೋಗಲಿ, ಪರಿಹಾರ ಕೇಳುವಾಗ ನಿಮ್ಮ ವಕೀಲರಿಗೆ ಹಳೆಯದನ್ನೂ ಸೇರಿಸಿ ಪೂರ್ತಿ ಹೇಳಿ. ಪರಿಹಾರದ ಅರ್ಜಿಗೂ ಗಡುವಿದೆ, ತಡ ಮಾಡಬೇಡಿ. ಒಬ್ಬೊಬ್ಬರ ಸಂಗತಿ ಒಂದೊಂದು ಥರ, ಆದ್ದರಿಂದ ಕಟ್ಟೆಯ ಮೇಲಿನ ಮಾತು ಕೇಳಿ ತೀರ್ಮಾನ ಮಾಡಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದವರು ನಿಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೂ ಬಡವರಿಗೂ ಅಲ್ಲಿ ಉಚಿತ ನೆರವು ಇದೆ.

ನಿಮ್ಮ ಬೀದಿಯಲ್ಲಿ ಹೀಗೆ ಸೋತವರು ಯಾರಾದರೂ ಇದ್ದರೆ, ಬೆನ್ನ ಹಿಂದೆ ಆಡಿಕೊಳ್ಳಬೇಡಿ. ಹತ್ತಿರ ಕೂತು, "ಬಿಡುಗಡೆಗೆ ಅರ್ಜಿ ಹಾಕಿದ್ದೀಯಾ?" ಎಂದು ಒಂದು ಮಾತು ಕೇಳಿ. ಹಾಕಿಲ್ಲ ಎಂದರೆ, ಕೋರ್ಟಿಗೆ ಹೋಗುವ ದಿನ ಜೊತೆಗೆ ಹೋಗಿ.